ವರಸೆ ಕೂಡದ ರಕ್ತ

ಒಂದು ಸಾವಿರದ ಒಂಬೈನೂರ ಅರವತ್ತೈದನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ, ಗಡಿಯ ಯುದ್ಧ ನಿಂತು ಇನ್ನೂ ಅದರ ಬಿಸಿ ಆರದಿದ್ದಾಗ, ಹಾಸನದ ವಿದ್ಯಾರ್ಥಿನಿಲಯವೊಂದರ ಊಟದ ಮನೆಯಲ್ಲಿ ರಾಷ್ಟ್ರದ ಭವಿಷ್ಯಕ್ಕೆ ಸಂಬಂಧಪಟ್ಟ ಮಹತ್ವದ ಪ್ರಶ್ನೆಯೊಂದು ಇತ್ಯರ್ಥವಾಯಿತು. ಜವಾನರಿಗಾಗಿ ರಕ್ತ ಕೊಡುವ ವಿದ್ಯಾರ್ಥಿಗೆ ನಿಲಯದ ವತಿಯಿಂದ ಮೊಟ್ಟೆ ಕೊಡತಕ್ಕದ್ದೆಂದು ಎಲ್ಲರೂ ಒಪ್ಪಿದ್ದರು. ಆ ಮೊಟ್ಟೆಯನ್ನು ಬೇಯಿಸಿ ಕೊಡತಕ್ಕದ್ದೋ, ಒಡೆದು ಕಾವಲಿಯ ಮೇಲೆ ಹುಯ್ದು ಕೊಡತಕ್ಕದ್ದೋ ಎಂಬುದೇ ಪ್ರಶ್ನೆ. ಎರಡು ಪಕ್ಷಗಳಾದವು. ರಕ್ತ ಕೊಟ್ಟು ಸುಸ್ತಾದವನಿಗೆ ಸಿಪ್ಪೆ ಸುಲಿಯುವ ತ್ರಾಣವೆಲ್ಲಿ ಎಂದು ಆಮ್ಲೆಟ್ಟಿನವರು ಕೇಳಿದರು. ಸಿಪ್ಪೆ ಸುಲಿಯಲಾಗದವನು ಶತ್ರುವನ್ನು ಏನು ಸುಲಿದಾನು ಎಂದು ಬೇಯಿಸಿದವರು ಕೇಳಿದರು. ಕೊನೆಗೆ ಬೇಯಿಸಿದವರೇ ಗೆದ್ದರು.

ಸಭೆಯ ಕಡೆಯಲ್ಲಿ ಅಂತಿಮ ಬಿ.ಎಸ್‌ಸಿ.ಯ ರಂಗಸ್ವಾಮಿ ಎದ್ದು ನಿಂತು, ನಮ್ಮ ಮೈಯಲ್ಲಿ ಹರಿಯುವ ರಕ್ತ ನಮ್ಮದಲ್ಲ, ಅದು ತಾಯಿನಾಡು ನಮ್ಮಲ್ಲಿಟ್ಟಿರುವ ಇಡುಗಂಟು, ಕೇಳಿದ ದಿನ ಕೊನೆಯ ತೊಟ್ಟಿನವರೆಗೂ ಹಿಂದಿರುಗಿಸುತ್ತೇವೆ ಎಂದು ಭಾಷಣ ಮಾಡಿದ. ಚಪ್ಪಾಳೆ ಬಿತ್ತು. ರಕ್ತ ಕೇಳಲು ಬೆಂಗಳೂರಿನಿಂದ ಬರಬೇಕಾಗಿದ್ದ ವ್ಯಾನು ಬರಲಿಲ್ಲ. ಬಾರದ ವ್ಯಾನನ್ನು ನಿಲಯದವರು ಮನಸಾರೆ ಬೈದರು. ಬೈಯುವಾಗ ಅವರ ಮುಖದಲ್ಲಿದ್ದ ಗೆಲುವನ್ನು ಕಂಡ ಯಾರಿಗಾದರೂ ವ್ಯಾನು ಬಾರದೆ ಹೋದದ್ದೇ ಒಂದು ವಿಜಯವೆಂದು ತೋರುತ್ತಿತ್ತು.

ರಂಗಸ್ವಾಮಿ ಹೊಳೆನರಸೀಪುರದ ಕಡೆ ಹರದನಹಳ್ಳಿಯವನು. ಗದ್ದೆ ಹೊಲ ಧಾರಾಳವಾಗಿದ್ದ ಮನೆ. ಅವನ ರಕ್ತ ‘ಓ’ ಗುಂಪಿನದು. ಪ್ರಾಣಿಶಾಸ್ತ್ರದ ಪ್ರಾಯೋಗಿಕ ತರಗತಿಯಲ್ಲಿ ಬೆರಳಿಗೆ ಸೂಜಿ ಚುಚ್ಚಿ ನೋಡಿದಾಗ ಗೊತ್ತಾದದ್ದು. ಯಾರಿಗೆ ಬೇಕಾದರೂ ಕೊಡಬಹುದಾದ ರಕ್ತ ತನ್ನದೆಂದು ಅಂದಿನಿಂದ ಹೇಳಿಕೊಂಡು ತಿರುಗಿ, ಹುಡುಗರಿಂದ ‘ದಾನಿ’ ಎಂದು ಹೆಸರನ್ನೂ ಗಳಿಸಿದ್ದ. ಸೂಜಿಯ ಮೊನೆಯಲ್ಲಿ ಕೆಂಪು ಚುಕ್ಕೆ ಕಂಡ ಕೂಡಲೇ ಕಣ್ಣು ಕತ್ತಲಿಟ್ಟು ಅವನು ಬೆಂಚಿನಿಂದ ಜಾರಿದ್ದರ ನಿಜವಾದ ಕಾರಣ ಪಕ್ಕದಲ್ಲಿದ್ದ ಮಂಚಯ್ಯನೊಬ್ಬನಿಗೇ ಗೊತ್ತು. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಈ ಮಂಚಯ್ಯ ಇದ್ದದ್ದು ಊರ ಆಚೆ ತುದಿಯ ಸರ್ಕಾರಿ ಹಾಸ್ಟೆಲಿನಲ್ಲಿ. ಅವನ ಅಪ್ಪ ತಮ್ಮಯ್ಯ ಕೂಲಿ ಮಾಡುತ್ತಿದ್ದವನು, ಈಚೆಗೆ ಗುಡಿಸಲಿನ ಗೋಡೆಯ ಮೇಲೆ ಬುದ್ಧನ ಪಟ ತೂಗುಹಾಕಿ ಊರ ಗೌಡರಿಂದ ಬೈಸಿಕೊಂಡಿದ್ದ. ಮಂಚಯ್ಯ ರಂಗಸ್ವಾಮಿಯನ್ನು ರಟ್ಟೆ ಹಿಡಿದು ಎತ್ತಿ ಕೂರಿಸಿ, “ಬೆಳಿಗ್ಗೆ ಉಂಡಿಲ್ಲ ಸಾ ಅವ್ನು” ಎಂದು ಮೇಷ್ಟರಿಗೆ ಸುಳ್ಳು ಹೇಳಿದ್ದ. ಅವನ ರಕ್ತವೂ ಓ. ಅದನ್ನು ಅವನು ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ, ಕೇಳಿದವರೂ ಇರಲಿಲ್ಲ.

ಮೊಟ್ಟೆಯ ಸಭೆಯಾದ ಮುಂದಿನ ವಾರ, ಶನಿವಾರ ಬೆಳಿಗ್ಗೆ, ರಂಗಸ್ವಾಮಿಯ ಸೋದರಮಾವ ಕೆಂಪಣ್ಣ ನಿಲಯದ ಗೇಟಿಗೆ ಬಂದು ನಿಂತ. ಪಂಚೆಯ ಮೇಲೆ ಮೊಣಕಾಲಿನವರೆಗೂ ರಕ್ತ ಹತ್ತಿ ಒಣಗಿತ್ತು. ದಂಡಿಗನಹಳ್ಳಿಯ ಈ ಕೆಂಪಣ್ಣ ಮಾವನೂ ಹೌದು, ಹೆಣ್ಣು ಕೊಟ್ಟ ಮಾವನೂ ಹೌದು. ಅವನ ಹಿರಿಮಗಳು ಚಿಕ್ಕಲಕ್ಷ್ಮಮ್ಮ ಹೋದ ವರ್ಷದ ಬೇಸಿಗೆಯಲ್ಲಿ ರಂಗಸ್ವಾಮಿಯ ಹೆಂಡತಿಯಾಗಿ, ಈಗ ಚೊಚ್ಚಲ ಬಾಣಂತನಕ್ಕೆ ತವರಿನಲ್ಲಿದ್ದಳು.

“ಗಂಡು ಮಗ ಕಣಪ್ಪ,” ಎಂದ ಕೆಂಪಣ್ಣ. ಅದನ್ನು ಹೇಳಿದ ರೀತಿಯಲ್ಲಿ ಸಂತೋಷವಿರಲಿಲ್ಲ. “ಕೂಸು ಬಂದ್ ಮ್ಯಾಕೆ ಮಾಸು ಬೀಳ್ನಿಲ್ಲ. ಸೂಲಗಿತ್ತಿ ಕೈ ಆಕಿ ಎಳುದ್ಲು. ಆಮೇಕೆ ರಕ್ತ ಅರಿಯೋಕ್ ಸುರುವಾಗಿದ್ದು ನಿಲ್ನೇ ಇಲ್ಲ. ಆಲೂಗೆಡ್ಡೆ ಲಾರಿ ಸಿಕ್ತು, ಮೂಟೆ ಮ್ಯಾಲೆ ಮಲಗಿಸ್ಕಂಡ್ ಬಂದೊ. ನಡಿ.”

ಆಸ್ಪತ್ರೆಯಲ್ಲಿ ರಂಗಸ್ವಾಮಿಯ ತಾಯಿ ದೊಡ್ಡಮ್ಮ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ತಮ್ಮನ ಮಗಳೂ ಸೊಸೆಯೂ ಆದವಳ ಹೆರಿಗೆಗೆಂದು ದಂಡಿಗನಹಳ್ಳಿಗೆ ಹೋಗಿದ್ದವಳು ಜೊತೆಯಲ್ಲೇ ಬಂದಿದ್ದಳು. ಲೇಡಿ ಡಾಕ್ಟರು ದಾಕ್ಷಾಯಣಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಮಾತು ಕಡಿಮೆ ಮಾಡಿ ಅಭ್ಯಾಸವಿದ್ದ ಹೆಂಗಸು.

“ಹರಿಯೋದು ನಿಂತಿದೆ. ಆದ್ರೆ ಒಳಗೆ ಉಳಿದಿರೋದು ಏನೂ ಇಲ್ಲ. ಉಪ್ಪುನೀರು ಏರಿಸಿ ಎಷ್ಟು ಹೊತ್ತು ಉಳಿಸ್ಲಿ? ರಕ್ತ ಹಾಕ್ಬೇಕು. ಓ ಗುಂಪು. ನನ್ನದೂ ನರ್ಸಮ್ಮಂದೂ ಹೊಂದಲ್ಲ.”

ಹಾಸನದಲ್ಲಿ ಆಗ ರಕ್ತವನ್ನು ಕೂಡಿಟ್ಟುಕೊಳ್ಳುವ ಏರ್ಪಾಡು ಇರಲಿಲ್ಲ. ಬೇಕೆಂದಾಗ ಬದುಕಿರುವ ಮನುಷ್ಯನನ್ನೇ ಕರೆತಂದು ಪಕ್ಕದ ಕೋಣೆಯಲ್ಲಿ ಮಲಗಿಸಿ ಬಾಟಲಿಗೆ ಇಳಿಸಬೇಕು. ಕೆಂಪಣ್ಣನ ಬೆರಳು ಚುಚ್ಚಿ ನೋಡಿದ್ದಾಗಿತ್ತು, ಹೊಂದಿರಲಿಲ್ಲ. ದೊಡ್ಡಮ್ಮನದೂ ಹೊಂದಿರಲಿಲ್ಲ.

“ಗಂಡ ನೀನೇನಪ್ಪ? ಬಿ.ಎಸ್‌ಸಿ. ಓದ್ತಿದೀಯಂತೆ. ಗುಂಪು ಗೊತ್ತಾ?”

“ಓ” ಎಂದ ರಂಗಸ್ವಾಮಿ. ಬಾಯಿಗೆ ಅಭ್ಯಾಸವಾಗಿಹೋಗಿತ್ತು.

“ಸರಿಹೋಯ್ತು. ಅಂಗಿ ತೋಳು ಮಡಿಚ್ಕೊಂಡು ಒಳಗೆ ಬಾ.”

“ಒಸಿ ತಡೀರಮ್ಮಾ,” ಎಂದಳು ದೊಡ್ಡಮ್ಮ, ಕೂತಲ್ಲಿಂದಲೇ. “ಗಂಡನ್ ರಕ್ತ ಎಂಡ್ತಿ ಮೈಗೆ ಓದ್ರೆ ವರಸೆ ಏನಾಯ್ತದೆ?”

ವರಸೆಯೆಂದರೆ ಆ ಕಡೆಯವರಿಗೆ ಸಣ್ಣ ವಿಷಯವಲ್ಲ. ಇಬ್ಬರು ಅಪರಿಚಿತರು ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತರೆ ಮುಂದಿನ ಹಳ್ಳಿ ಬರುವಷ್ಟರಲ್ಲಿ ಯಾರು ಯಾರಿಗೆ ಏನಾಗಬೇಕೆಂದು ಎಣಿಸಿ ಮುಗಿಸಿರುತ್ತಾರೆ. ಮಾವನ ಮಗಳಾದರೆ ಮದುವೆಯಾಗಬೇಕು, ತಂಗಿಯ ವರಸೆಯವಳಾದರೆ ತಲೆ ಎತ್ತಿ ನೋಡಲೂ ಕೂಡದು. ಈ ಲೆಕ್ಕ ತಪ್ಪಿದವರನ್ನು ಊರು ಹೊರಗಿಟ್ಟ ಕತೆಗಳನ್ನು ಕೇಳುತ್ತಲೇ ಮಕ್ಕಳು ಬೆಳೆಯುತ್ತವೆ.

“ಒಂದೇ ರಕ್ತ ಅಂದ್ರೆ ಒಡಹುಟ್ಟು,” ದೊಡ್ಡಮ್ಮ ಡಾಕ್ಟರಿಗೆ ತಿಳಿಸಿಹೇಳುವಂತೆ ಹೇಳಿದಳು. “ಇವ್ನು ರಕ್ತ ಕೊಟ್ರೆ ಇವ್ಳಿಗೆ ಅಣ್ಣ ಆಗ್ಬುಡ್ತಾನೆ. ನಾಳಿಕೆ ಅಣ್ಣ ತಂಗಿ ಒಂದ್ ಮನೇಲಿ ಎಂಗವ್ವ ಸಂಸಾರ ಮಾಡಾದು? ಈ ಕೂಸು ಇವ್ನಿಗೆ ಏನಾಗ್ಬೇಕು, ಮಗನೋ, ಅಳಿಯನೋ?”

ದಾಕ್ಷಾಯಣಮ್ಮ ಓದಿದ ಪುಸ್ತಕಗಳಲ್ಲಿ ಈ ಪ್ರಶ್ನೆ ಇರಲಿಲ್ಲ. ಕೆಂಪಣ್ಣ ಒಮ್ಮೆ ವಾರ್ಡಿನ ಬಾಗಿಲನ್ನೂ ಒಮ್ಮೆ ಅಕ್ಕನನ್ನೂ ನೋಡಿ, “ಅಕ್ಕ ಯೋಳಾದೂ ದಿಟ ಕಣವ್ವ” ಎಂದ.

ಇದು ಶುದ್ಧ ಅವಿವೇಕವೆಂದು ಅಲ್ಲಿ ಡಾಕ್ಟರನ್ನು ಬಿಟ್ಟರೆ ತಿಳಿದಿದ್ದವನು ರಂಗಸ್ವಾಮಿಯೊಬ್ಬನೇ. ಇದೇ ವಿಷಯದ ಮೇಲೆ ಚರ್ಚಾಸ್ಪರ್ಧೆಯಲ್ಲಿ ಒಂದು ಬಹುಮಾನ ತೆಗೆದುಕೊಂಡಿದ್ದ. ಬಾಯಿ ತೆರೆದರೆ ಸಾಕಿತ್ತು. ಆದರೆ ಬಾಗಿಲ ಸಂದಿಯಲ್ಲಿ ಅವನಿಗೆ ಒಳಗಿನ ಮೇಜು, ಅದರ ಮೇಲಿನ ಬಾಟಲಿ, ಕೆಂಪು ರಬ್ಬರ್ ಕೊಳವೆ, ಕೊಳವೆಯ ತುದಿಯಲ್ಲಿ ಗೋಣಿ ಹೊಲಿಯುವ ದಬ್ಬಳದಂಥ ಸೂಜಿ ಕಾಣುತ್ತಿದ್ದವು. ಅವ್ವನ ಮಾತು ಕಿವಿಗೆ ಬಿದ್ದಾಗ ಅವನಿಗೆ ಸಿಟ್ಟು ಬರಲಿಲ್ಲ. ಬಿಸಿಲಲ್ಲಿ ನಡೆದು ಬಂದವನಿಗೆ ಹೊಂಗೆಯ ನೆರಳು ಸಿಕ್ಕಂತಾಯಿತು.

“ಹಿರಿಯರ ಮಾತು ಮೀರೋಕಾಗಲ್ಲ ಮೇಡಂ,” ಎಂದ. “ನಮ್ಮ ಹಾಸ್ಟೆಲಲ್ಲಿ ಬೇಕಾದಷ್ಟು ಜನ ಇದಾರೆ. ಈಗ ಕರ್ಕೊಂಡು ಬತ್ತೀನಿ.”

“ಬೇಗ ಬಾ,” ಎಂದರು ದಾಕ್ಷಾಯಣಮ್ಮ, ಅವನನ್ನು ಮೇಲಿಂದ ಕೆಳಗೆ ನೋಡಿ. “ತಡ ಮಾಡಿದ್ರೆ ಅವಳಿಗೆ ಸಂಜೆ ಅನ್ನೋದಿಲ್ಲ.”

ಹೊರಡುವ ಮುಂಚೆ ಅವನು ಹೆಂಡತಿಯನ್ನು ನೋಡಿದ. ಎಣ್ಣೆಗೆಂಪಿನ ಮುಖ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿತ್ತು. ಅವಳು ಕಣ್ಣು ತೆರೆದಳು.

“ಕೂಸ್ನ ನೋಡುದ್ರಾ?”

“ಹೂಂ. ಹಾಸ್ಟೆಲಿಗೆ ಹೋಗಿ ಬತ್ತೀನಿ. ಹುಡುಗರು ರಕ್ತ ಕೊಡ್ತಾರೆ.”

“ನಿಮ್ದು ಆಗಕಿಲ್ವಾ?”

“ವರಸೆ ಕೂಡಲ್ವಂತೆ. ಅವ್ವ ಹೇಳಿದ್ಲು. ನಾನು ನಿಂಗೆ ಅಣ್ಣ ಆಗ್ಬುಡ್ತೀನಂತೆ.”

ಚಿಕ್ಕಲಕ್ಷ್ಮಮ್ಮನ ತುಟಿಯ ಮೂಲೆಯಲ್ಲಿ ನಗೆಯಂಥದೇನೋ ಬಂತು. “ಅಂಗಾದ್ರೆ ಬ್ಯಾಡ ಬುಡಿ,” ಎಂದಳು.

ನಿಲಯದಲ್ಲಿ ಬೆಳಗಿನ ಊಟ ಆಗತಾನೆ ಮುಗಿದಿತ್ತು. ಸುದ್ದಿ ಕೇಳಿ ಎಲ್ಲರೂ ಎದ್ದು ನಿಂತರು. ಅಯ್ಯೋ ಪಾಪ ಎಂದರು. ರಂಗಸ್ವಾಮಿಯ ಬೆನ್ನು ಸವರಿದರು. ಮೊದಲು ಕೇಳಿದವನು ಚನ್ನರಾಯಪಟ್ಟಣದ ಚೆನ್ನಯ್ಯ.

“ಅಲ್ಲ ಕಣೋ, ನೀನೇ ದಾನಿ ಅಲ್ವೇನೋ? ನಿಂದೇ ಓ ತಾನೇ?”

ರಂಗಸ್ವಾಮಿ ಅವ್ವನ ಮಾತನ್ನು ಹೇಳಿದ. ನಗುತ್ತಾರೆಂದುಕೊಂಡಿದ್ದ. ಒಬ್ಬನೂ ನಗಲಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರಗಳನ್ನು ಓದುತ್ತಿದ್ದ ಆ ತರುಣರ ಮುಖಗಳ ಮೇಲೆ ತಾವೂ ಒಂದು ಹೊಂಗೆಯ ಮರ ಕಂಡ ನೆಮ್ಮದಿ ಹರಡಿತು.

“ಹಿರೀರು ಸುಮ್ನೆ ಹೇಳಲ್ಲ ಕಣ್ಲಾ,” ಎಂದ ಚೆನ್ನಯ್ಯ ನಿಧಾನವಾಗಿ. “ನನ್ನದನ್ನೇ ತಗೋ. ನಿನ್ನ ನಾದಿನಿನ ನಂಗೆ ಕೇಳೋಕೆ ನಮ್ಮಪ್ಪ ದಂಡಿಗನಹಳ್ಳಿಗೆ ಓಗ್ಬೇಕು ಅಂತಾವ್ನೆ. ಈಗ ನಾ ರಕ್ತ ಕೊಟ್ಟು ಅಕ್ಕಂಗೆ ಅಣ್ಣ ಆಗ್ಬುಟ್ರೆ, ತಂಗಿಗೂ ಅಣ್ಣನೇ ಅಲ್ವಾ? ನನ್ನ ಮದ್ವೆ ನಾನೇ ಮುರ್ಕಂಡಂಗಾಯ್ತದೆ.”

“ಇನ್ನು ನಾನು,” ಎಂದ ರಾಮಣ್ಣ. “ನಿಮ್ಮ ಮಾವ ಕೆಂಪಣ್ಣೋರು ನಂಗೆ ಅಣ್ಣನ ವರಸೆ. ಅವರ ಮಗಳು ನಂಗೂ ಮಗಳೇ. ನಾ ಅವಳಿಗೆ ಅಣ್ಣ ಆದ್ರೆ, ನಮ್ಮಣ್ಣಂಗೆ ನಾನೇ ಮಗ ಆದಂಗಲ್ವೇನೋ? ನಮ್ಮವ್ವಂಗೆ ಏನಂತ ಯೋಳ್ಳಿ?”

ಎಲ್ಲರೂ ಒಂದೇ ಜಾತಿಯವರಾಗಿದ್ದ ಆ ನಿಲಯದಲ್ಲಿ ಲೆಕ್ಕ ಕ್ಷಣದಲ್ಲಿ ಊಟದ ಮನೆಯನ್ನೆಲ್ಲ ವ್ಯಾಪಿಸಿತು. ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವರು ಕೂಡ ಅಜ್ಜಿಯ ತವರು, ಚಿಕ್ಕಪ್ಪನ ಬೀಗರು, ಹೆಣ್ಣು ಕೊಟ್ಟ ಮನೆ, ತಂದ ಮನೆ ಎಲ್ಲವನ್ನೂ ಬಾಯಲ್ಲೇ ಕೂಡಿ ಕಳೆದು ಉತ್ತರ ತಂದರು. ಎಲ್ಲರ ಉತ್ತರವೂ ಒಂದೇ ಆಗಿತ್ತು. ನಿಲಯದಲ್ಲೇ ದಷ್ಟಪುಷ್ಟನಾದ ಬೈರಯ್ಯ, ಅರಕಲಗೂಡಿನ ಗರಡಿಯಲ್ಲಿ ಸಾಮು ಮಾಡಿದವನು, ಕಂಬಕ್ಕೆ ಆನಿಕೊಂಡು ನಿಂತಿದ್ದ. ಅವನಿಗೆ ಯಾವ ನೆಂಟಸ್ತನವೂ ಸಿಕ್ಕಿರಲಿಲ್ಲ.

“ಜವಾನ್ರಿಗಾಗಿದ್ರೆ ಕಣ್ಮುಚ್ಚಿ ಕೊಟ್ಬುಡ್ತಿದ್ದೆ ಕಣೋ,” ಎಂದ ಅವನು, ನಿಜವಾದ ದುಃಖದಿಂದ. “ಅವ್ರು ಯಾರೋ ಏನೋ, ಯಾವ ವರಸೇನೂ ಬರಾಕಿಲ್ಲ. ಇದು ಗೊತ್ತಿರೋ ಮನೆ ನೋಡು. ಮುಂದೆ ನಂಗೇ ಆ ಕಡೆ ಎಣ್ಣು ನೋಡುದ್ರೆ?”

ಅಷ್ಟರಲ್ಲಿ ಪೀಚಲು ಮೈಯ ಚಿಕ್ಕಯ್ಯನೆಂಬವನು ಚಪ್ಪಲಿ ಮೆಟ್ಟಿಕೊಂಡು ಬಂದ. “ನಂಗೆ ವರಸೆ ಗಿರಸೆ ಗೊತ್ತಿಲ್ಲ. ನನ್ನ ಗುಂಪು ಯಾವುದೋ, ಚುಚ್ಚಿ ನೋಡ್ಲಿ. ನಡಿ” ಎಂದ. ಇವನ ಮೈಯಲ್ಲಿ ಕೊಡುವಷ್ಟು ಎಲ್ಲಿದೆ ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಅವರಿಬ್ಬರೂ ಆಸ್ಪತ್ರೆಯ ದಾರಿ ಹಿಡಿದು ಅರ್ಧ ಬಂದಿದ್ದರು. ಎದುರಿಗೆ ಮಂಚಯ್ಯ, ಹೆಗಲಿಗೆ ಬಟ್ಟೆಯ ಚೀಲ. ಶನಿವಾರಕ್ಕೆ ಊರಿಗೆ ಹೊರಟಿದ್ದ.

“ರಂಗಸ್ವಾಮಿ, ಆಸ್ಪತ್ರೆ ಹತ್ರ ಕೇಳ್ದೆ, ನಿನ್ನ ಹೆಂಡ್ತಿಗೆ ಜೋರಾಗಿದೆಯಂತಲ್ಲೋ? ಯಾವ ಗುಂಪು ಬೇಕಂತೆ?”

ರಂಗಸ್ವಾಮಿ ಅವನ ಹೆಗಲಿನ ಚೀಲ ನೋಡಿದ.

“ಓ ಆದ್ರೆ ನಂದೈತಲ್ಲ. ಬತ್ತೀನಿ ನಡಿ.”

ಒಂದು ಗಳಿಗೆಯಲ್ಲಿ ರಂಗಸ್ವಾಮಿಗೆ ಎಲ್ಲವೂ ಕಂಡಿತು. ಅವ್ವನ ಎದುರು ಮಂಚಯ್ಯ ಮಂಚದ ಮೇಲೆ ಮಲಗಿದ್ದಾನೆ. ಯಾರ ಮಗನಪ್ಪ ನೀನು ಎಂದು ಮಾವ ಕೇಳುತ್ತಾನೆ. ಅವನು ಹೇಳುತ್ತಾನೆ, ತನ್ನ ಕೇರಿಯನ್ನು ಮುಚ್ಚಿಡುವವನಲ್ಲ. ಆಮೇಲೆ ಅವನು, ರಂಗಸ್ವಾಮಿದೂ ಓ ಅಲ್ವಾ, ಅವತ್ತು ಕ್ಲಾಸಲ್ಲಿ ಬಿದ್ದಂಗೆ ಎಲ್ಲಿ ಬಿದ್ಬುಡ್ತಾನೋ ಅಂತ ಬುಟ್ರಾ ಎಂದು ಕೇಳುತ್ತಾನೆ. ಈ ಎರಡರಲ್ಲಿ ಯಾವುದಕ್ಕೆ ತಾನು ಹೆಚ್ಚು ಹೆದರಿದೆನೆಂದು ರಂಗಸ್ವಾಮಿ ಮುಂದೆ ಎಂದೂ ಬಿಡಿಸಿ ನೋಡಿಕೊಳ್ಳಲಿಲ್ಲ.

“ಸಿಕ್ಕೈತೆ ಕಣೋ,” ಎಂದ. “ಇವ್ನದೇ ಆಗ್ತದೆ.”

ಚಿಕ್ಕಯ್ಯ ಬೆರಗಾಗಿ ಅವನ ಮುಖ ನೋಡಿದ. ಮಂಚಯ್ಯ, “ಒಳ್ಳೇದಾಯ್ತು ಬಿಡು” ಎಂದು ಬಸ್‌ಸ್ಟಾಂಡಿನ ಕಡೆ ಹೋದ.

ಚಿಕ್ಕಯ್ಯನದು ‘ಬಿ’ ಗುಂಪು. ದಾಕ್ಷಾಯಣಮ್ಮ ಗಾಜಿನ ಪಟ್ಟಿಯನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದರು. “ಇಡೀ ಹಾಸ್ಟೆಲಿಂದ ಒಬ್ಬನೇ ಏನಪ್ಪ?”

ದೊಡ್ಡಮ್ಮ ವಾರ್ಡಿನಿಂದ ಹೊರಗೆ ಬಂದಳು. ಬೆಳಿಗ್ಗೆ ಪ್ರಶ್ನೆ ಕೇಳಿದ ಹೆಂಗಸು ಇವಳೇ ಎಂದು ಹೇಳುವಂತಿರಲಿಲ್ಲ. ಸೊಸೆಯ ಕಾಲು ಉಜ್ಜಿ ಉಜ್ಜಿ ಅವಳ ಕೈ ಕೆಂಪಗಾಗಿತ್ತು, ಕಾಲು ಬೆಚ್ಚಗಾಗಿರಲಿಲ್ಲ.

“ಕೂಸು ಅಳ್ತಾ ಅದೆ, ಅವ್ಳು ಕಣ್ಣೇ ಬುಡ್ತಿಲ್ಲ ಕಣ್ಲಾ ರಂಗಾ. ನೀನೇ ಕೊಟ್ಬುಡು ನಡಿ.”

“ವರಸೆ ಅಂದ್ಯಲ್ಲವ್ವ.”

“ವರಸೆ ಅಂದೋಳೂ ನಾನೇ, ಬುಟ್ಟೋಳೂ ನಾನೇ. ಆಳಾಗೋಗ್ಲಿ ವರಸೆ. ಅಣ್ಣ ತಂಗಿ ಆಗೇ ಇರಿ, ಜೀವ ಅಂತ ಒಂದ್ ಇರ್ಲಿ.”

“ಅದೆಂಗವ್ವ ಆಗ್ತದೆ?” ಎಂದ ರಂಗಸ್ವಾಮಿ. “ನಾಳೆ ಊರೋರು ಏನಂದಾರು? ಕೂಸು ನಂಗೆ ಏನಾಗ್ಬೇಕು?”

ಓದು ಬರಹ ಬಾರದ ಮುದುಕಿ, ರಕ್ತಕ್ಕೂ ನೆಂಟಸ್ತನಕ್ಕೂ ಸಂಬಂಧವಿಲ್ಲ ಎಂದು ವಾದಿಸುತ್ತಿದ್ದಳು. ಅಂತಿಮ ಬಿ.ಎಸ್‌ಸಿ.ಯ ಪ್ರಾಣಿಶಾಸ್ತ್ರದ ವಿದ್ಯಾರ್ಥಿ, ಇದೆ ಎಂದು ವಾದಿಸುತ್ತಿದ್ದ. ಬಾಗಿಲಲ್ಲಿ ನಿಂತ ಡಾಕ್ಟರು ಕೇಳುತ್ತಿದ್ದರು. ಚಿಕ್ಕಯ್ಯ ನೆಲ ನೋಡುತ್ತಿದ್ದ. ಕಡೆಗೆ ಕೆಂಪಣ್ಣ ಎದ್ದು ಬಂದು, ಬೆದರಿದ ಹೋರಿಕರುವನ್ನು ಕೊಟ್ಟಿಗೆಗೆ ತರುವಂತೆ ಅಳಿಯನ ಹೆಗಲು ಹಿಡಿದು ಒಳಗೆ ನಡೆಸಿದ.

ರಂಗಸ್ವಾಮಿ ಮಂಚದ ಮೇಲೆ ಮಲಗಿದ. ತೋಳಿಗೆ ಪಟ್ಟಿ ಬಿಗಿದರು. ಮೊಣಕೈಯ ಒಳಗಡೆ ನರ ಉಬ್ಬಿ ನಿಂತಿತು, ಒಳ್ಳೆಯ ನರ, ರಾಗಿ ಮುದ್ದೆ ಹಾಲು ಮೊಸರು ತಿಂದು ಬೆಳೆದದ್ದು. ದಾಕ್ಷಾಯಣಮ್ಮ ಅಲ್ಲಿ ಸ್ಪಿರಿಟ್ ಒರೆಸಿದರು. ತಣ್ಣಗಾಯಿತು. ಸೂಜಿ ಹತ್ತಿರ ಬಂತು. ಅವನು ಕೈ ಕಿತ್ತುಕೊಂಡ. ಕೊಳವೆ ನೆಲಕ್ಕೆ ಬಿತ್ತು.

“ಮಂಚಯ್ಯ ಇದಾನೆ,” ಎಂದ, ಎದ್ದು ಕೂತು, ಏದುಸಿರು ಬಿಡುತ್ತ. “ನನ್ನ ಕ್ಲಾಸಿನೋನು. ಅವನದು ಓ. ಕೊಡ್ತೀನಿ ಅಂದಿದ್ದ. ಕರ್ಕೊಂಡು ಬತ್ತೀನಿ.”

“ಅಂದಿದ್ದ ಅಂದ್ರೆ? ಯಾವಾಗ?” ಎಂದರು ಡಾಕ್ಟರು.

“ಆಗ್ಲೇ.”

ದಾಕ್ಷಾಯಣಮ್ಮ ಬಗ್ಗಿ ನೆಲದ ಮೇಲಿನ ಕೊಳವೆ ಎತ್ತಿಕೊಂಡರು.

“ಯಾವ ಮಂಚಯ್ಯ?” ಎಂದ ಕೆಂಪಣ್ಣ.

“ಮಲ್ಲಿಪಟ್ಟಣದ ತಮ್ಮಯ್ಯನ ಮಗ. ಸರ್ಕಾರಿ ಹಾಸ್ಟೆಲಿನೋನು.”

ಕೆಂಪಣ್ಣನಿಗೆ ಅರ್ಥವಾಯಿತು. ಅವನು ಅಕ್ಕನ ಮುಖ ನೋಡಿದ. ದೊಡ್ಡಮ್ಮನಿಗೂ ಅರ್ಥವಾಗಿತ್ತು.

“ಯಾರ್ ಮಗನಾದ್ರೇನ್ಲಾ,” ಎಂದಳು ಅವಳು. “ಓಡೋ.”

ಅರಕಲಗೂಡಿನ ಬಸ್ಸು ಇನ್ನೂ ಹೊರಟಿರಲಿಲ್ಲ. ಕಂಡಕ್ಟರು ಮೇಲೆ ಮೂಟೆ ಏರಿಸುತ್ತಿದ್ದ. ಮಂಚಯ್ಯ ಕಿಟಕಿಯ ಪಕ್ಕ ಕೂತು ಕಡಲೆಕಾಯಿ ಸುಲಿಯುತ್ತಿದ್ದವನು ರಂಗಸ್ವಾಮಿಯ ಮುಖ ನೋಡಿದ್ದೇ ಇಳಿದು ಬಂದ. ಜಟಕಾ ಗಾಡಿಯಲ್ಲಿ ಕೂತ ಮೇಲೆ ಕೇಳಿದ.

“ಆಗ ಸಿಕ್ಕೈತೆ ಅಂದೆ?”

“ಹೊಂದಲಿಲ್ಲ.”

“ನಿಂದು?”

“ವರಸೆ ಕೂಡಲ್ಲ ಅಂತ ಮನೇಲಿ...”

ಮಂಚಯ್ಯ ಕುದುರೆಯ ಬೆನ್ನು ನೋಡುತ್ತ ಕೂತ. “ನಂಗೂ ನಿಮಗೂ ಯಾವ ವರಸೇನೂ ಇಲ್ಲ,” ಎಂದ. “ಅದೊಂದು ಅನುಕೂಲ.” ಅವನ ದನಿಯಲ್ಲಿ ಸಿಟ್ಟಿತ್ತೋ ತಮಾಷೆಯಿತ್ತೋ ರಂಗಸ್ವಾಮಿಗೆ ತಿಳಿಯಲಿಲ್ಲ. ಗಾಡಿಯವನಿಗೆ ಬೇಗ ಹೊಡೆಯಯ್ಯ ಎಂದು ಹೇಳಿದವನು ಮಂಚಯ್ಯನೇ.

ಆಸ್ಪತ್ರೆಯಲ್ಲಿ ಅವನನ್ನು ಯಾರೂ ಏನೂ ಕೇಳಲಿಲ್ಲ. ಕೆಂಪಣ್ಣ ಎದ್ದು ದಾರಿ ಬಿಟ್ಟ. ಡಾಕ್ಟರು ಒಂದು ಹನಿ ತೆಗೆದು ನೋಡಿ ಹೂಂ ಎಂದರು. ಮಂಚಯ್ಯ ಚೀಲವನ್ನು ತಲೆಯ ಬುಡದಲ್ಲಿಟ್ಟುಕೊಂಡು ಮಲಗಿ, ತೋಳು ಚಾಚಿ, ಮಾಡಿನ ಕಡೆ ನೋಡಿದ. ರಂಗಸ್ವಾಮಿ ವರಾಂಡದಲ್ಲಿ ಗೋಡೆಗೆ ಮುಖ ಮಾಡಿ ನಿಂತುಕೊಂಡ.

ಬಾಟಲಿ ತುಂಬಿತು. ದಾಕ್ಷಾಯಣಮ್ಮ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ವಾರ್ಡಿಗೆ ಹೋದರು. ಹಿಡಿದುಕೊಂಡೇ ಹಿಂದಕ್ಕೆ ಬಂದರು. ಚಿಕ್ಕಲಕ್ಷ್ಮಮ್ಮ ತೀರಿಕೊಂಡಿದ್ದಳು.